ಹದಿನಾಲ್ಕು ಕಡೆ ಬರುವ ಪ್ರಾಣಿ

ಮಾರ್ಚ್ 3, ಮಂಗಳವಾರ

ಇವತ್ತು ಪ್ರಾಣಿ ತೀರ್ಮಾನವಾಯಿತು. ಸದ್ಯ, ಒಂದು ಪೀಡೆ ಕಳೆಯಿತು.

ಹೀಬ್ರೂ ಭಾಷೆಯಲ್ಲಿ ತಹಷ್ ಎಂಬ ಪ್ರಾಣಿ ಇದೆ. ಇದೆ ಅನ್ನುವುದಕ್ಕಿಂತ ಅದರ ಹೆಸರಿದೆ ಅನ್ನಬೇಕು. ಬೈಬಲಿನಲ್ಲಿ ಹದಿನಾಲ್ಕು ಕಡೆ ಬರುತ್ತದೆ. ಹದಿಮೂರು ಕಡೆ ಮರುಭೂಮಿಯಲ್ಲಿ ಹೊತ್ತು ತಿರುಗಿದ ದೇವರ ಗುಡಾರಕ್ಕೂ ಅದರ ಸಾಮಾನುಗಳಿಗೂ ಹೊದಿಸಿದ ತೊಗಲಾಗಿ, ಒಂದು ಕಡೆ ಹೆಣ್ಣಿನ ಕಾಲಿಗೆ ತೊಡಿಸಿದ ಚಪ್ಪಲಿಯ ತೊಗಲಾಗಿ. ಎಲ್ಲೂ ಆ ಪ್ರಾಣಿ ನಡೆಯುವುದಿಲ್ಲ, ಮೇಯುವುದಿಲ್ಲ, ಕೂಗುವುದಿಲ್ಲ. ಬರೀ ತೊಗಲು. ಪಂಡಿತರಲ್ಲಿ ಒಬ್ಬರು ಬಿಲದ ಪ್ರಾಣಿ ಅಂದರು, ಒಬ್ಬರು ನೀರುನಾಯಿ ಅಂದರು, ಒಬ್ಬರು ಆಡು ಅಂದರು. ನನ್ನ ಮಾವ ಮೂವತ್ತು ವರ್ಷದಿಂದ ಕಡಲಹಸು, ಅಂದರೆ ಸಮುದ್ರದ ತಳದಲ್ಲಿ ಹುಲ್ಲು ಮೇಯುವ ದೊಡ್ಡ ಪ್ರಾಣಿ, ಅನ್ನುತ್ತಾ ಬಂದಿದ್ದಾರೆ. ಕೆಂಪು ಸಮುದ್ರದ ದಂಡೆಯ ಜನ ಅದರ ತೊಗಲಿನಿಂದ ಚಪ್ಪಲಿ ಹೊಲಿಯುತ್ತಿದ್ದರಂತೆ.

ನಮ್ಮ ಅನುವಾದ ಸಮಿತಿಯಲ್ಲಿ ಐದು ಜನ. ಪದ ಒಪ್ಪಿದವರು ಪೆನ್ಸಿಲನ್ನು ಮೇಜಿನ ಮೇಲೆ ಮಲಗಿಸಬೇಕು, ಒಪ್ಪದವರು ಕೈಯಲ್ಲೇ ಹಿಡಿದಿರಬೇಕು. ಮಾವನ ಕಣ್ಣು ಹೋದ ಮೇಲೆ ಅವರ ಕುರ್ಚಿ ನನಗೆ ಬಂತು. ಕಡೆಯದಾಗಿ ಸೇರಿದವಳಾದ್ದರಿಂದ ಕಡೆಯ ಪೆನ್ಸಿಲ್ ನನ್ನದು. ‘ನಯವಾದ ತೊಗಲು’ ಎಂದು ಹಾಕೋಣವೇ ಎಂದು ಅಧ್ಯಕ್ಷರು ಕೇಳಿದರು. ಎರಡು ಪೆನ್ಸಿಲ್ ಮಲಗಿದವು, ಎರಡು ನಿಂತೇ ಇದ್ದವು. ನಾನು ಮಲಗಿಸಿದೆ.

ನನಗೆ ಸರಿ ಕಂಡದ್ದನ್ನು ಮಾಡಿದೆ. ಪ್ರಾಣಿಯ ಹೆಸರು ಗೊತ್ತಿಲ್ಲದಾಗ ತೊಗಲು ಅಂದರೆ ಯಾರಿಗೂ ನಷ್ಟವಿಲ್ಲ. ಮಾವ ಹೀಬ್ರೂ ಕಲಿಸಿದರು ಎಂಬ ಕಾರಣಕ್ಕೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನಲಾಗುತ್ತದೆಯೇ?

ಅಧ್ಯಕ್ಷರು ಏನೋ ತಮಾಷೆ ಮಾಡಿದರು, ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಕೂಟ ಮುಗಿಯಿತು.

ಊಟಕ್ಕೆ ಕೂತಾಗ ಮಾವ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು ನನ್ನ ಕಡೆ ನೋಡಿದರು. ಕಣ್ಣಿನ ನಡುವೆ ಮಸಿ ಬಳಿದ ಹಾಗಾಗಿದೆಯಂತೆ, ಅಂಚಿನಲ್ಲಿ ಮಾತ್ರ ಮಸುಕಾಗಿ ಕಾಣುತ್ತದೆ.

“ಏನಾಯ್ತು ಮಗಳೇ, ನಮ್ಮ ಪ್ರಾಣಿ?”

“ಮೇಲೆ ತೊಗಲು ಅಂತ ಹೋಯ್ತು ಮಾವ. ನಿಮ್ಮ ಕಡಲಹಸು ಕೆಳಗೆ ಅಡಿಟಿಪ್ಪಣೀಲಿ ಬರುತ್ತೆ.”

“ಅಷ್ಟು ಬಂದ್ರೆ ಸಾಕಮ್ಮ,” ಅಂದವರು ಎರಡನೇ ಸಲ ಬಡಿಸಿಕೊಂಡರು. ತಿಂಗಳಿಂದ ಅವರು ಎರಡನೇ ಸಲ ಕೇಳಿರಲಿಲ್ಲ.

ಕೂಟದಲ್ಲಿ ಅಡಿಟಿಪ್ಪಣಿ ಬೇಕೆಂದು ಯಾರೂ ಕೇಳಲಿಲ್ಲ. ಕೂಟ ಮುಗಿಯುವುದರೊಳಗೆ ಕೇಳಬೇಕು ಎಂಬುದು ನಿಯಮ. ನಾನು ಕೇಳಬೇಕಿತ್ತು. ವಯಸ್ಸಾದವರಿಗೆ ಹೇಳಿದ ಸಮಾಧಾನದ ಮಾತು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ.

ಮಾರ್ಚ್ 4, ಬುಧವಾರ

ಬರುತ್ತದೆ.

ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ಮಾವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಅಡಿಟಿಪ್ಪಣಿಯ ಒಕ್ಕಣೆ ತಾವೇ ಹೇಳುತ್ತಾರಂತೆ, ಸಂಜೆ ನಾನು ಬರೆದುಕೊಳ್ಳಬೇಕಂತೆ. “ಆ ಅಧ್ಯಕ್ಷನ ಕೈಗೆ ಬಿಟ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೀತಾನೆ,” ಅಂದರು.

ಹೂಂ ಅಂದೆ. ಇನ್ನೇನು ಅನ್ನಲಿ.

ಮಾರ್ಚ್ 7, ಶನಿವಾರ

ಹನ್ನೊಂದು ಸಾಲು! ಪುಟದ ಕೆಳಗೆ ಎರಡು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ ಎಂದು ನಿಯಮ ಮಾಡಿದವರೇ ಮಾವ. ಈಗ ಅರಬ್ಬಿ ಭಾಷೆಯ ಹೋಲಿಕೆ ಬೇಕು, ಚಪ್ಪಲಿ ಬೇಕು, ಸಮುದ್ರ ಬೇಕು, ಕಡಲಹಸು ಮರಿಗೆ ಮೊಲೆಯೂಡಿಸುತ್ತದೆ ಎಂಬುದೂ ಬೇಕು.

“ಅದ್ಯಾಕೆ ಮಾವ ಅಲ್ಲಿ?”

“ಓದೋರಿಗೆ ಅದು ಜೀವ ಇದ್ದ ಪ್ರಾಣಿ ಅಂತ ಗೊತ್ತಾಗ್ಲಿ. ಪಾಪ, ಇಷ್ಟು ವರ್ಷ ಬರೀ ಚರ್ಮ ಆಗಿದೆ.”

ಇದೇ ದಿನಚರಿಯ ಹಿಂದಿನ ಪುಟಗಳಲ್ಲಿ ಅದನ್ನೆಲ್ಲ ಬರೆದುಕೊಂಡೆ. ಇಲ್ಲದ ಟಿಪ್ಪಣಿಗೆ ಹನ್ನೊಂದು ಸಾಲು. ಗಂಡ ಪಕ್ಕದಲ್ಲೇ ಕೂತು ನಗುತ್ತಿದ್ದರು. ಇವರದು ಲಿಫ್ಟ್ ರಿಪೇರಿ ಕೆಲಸ. “ನಮ್ಮ ಲಿಫ್ಟಲ್ಲಿ ಜನ ಜಾಸ್ತಿ ಆದ್ರೆ ಗಂಟೆ ಹೊಡ್ಕೊಳ್ಳುತ್ತೆ. ಅಪ್ಪನ ಟಿಪ್ಪಣಿಗೂ ಒಂದು ಕೂರಿಸ್ಲಾ?” ಅಂದರು. ಮಾವ ಮಗನ ಮಾತಿಗೆ ನಗಲಿಲ್ಲ. ಮಗ ಹನ್ನೆರಡು ವರ್ಷದವನಿದ್ದಾಗ ಹೀಬ್ರೂ ಪುಸ್ತಕ ಬಿಸಾಕಿ ಆಟಕ್ಕೆ ಓಡಿಹೋದದ್ದನ್ನು ಮಾವ ಇವತ್ತಿಗೂ ಹೇಳುತ್ತಾರೆ. ಆಮೇಲೆ ಅವನಿಗೆ ಒಂದಕ್ಷರ ಕಲಿಸಲಿಲ್ಲ, ಅವನಿಂದ ಒಂದು ಸಾಲು ಓದಿಸಿಕೊಂಡಿಲ್ಲ. ಕಲಿತದ್ದು ಸೊಸೆ, ಅಡುಗೆಮನೆಯ ಮೇಜಿನ ಮೇಲೆ, ತರಕಾರಿ ಹೆಚ್ಚುತ್ತಾ.

ಇವರಿಗಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಮಾರ್ಚ್ 12, ಗುರುವಾರ

ನನ್ನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಆಫೀಸಿನ ಮೆಟ್ಟಿಲ ಕೆಳಗೆ ಕೂರುವ ರಿಪೇರಿಯವನ ಹತ್ತಿರ ಕೊಟ್ಟೆ. ನಮ್ಮ ಸಮಿತಿಗೆ ಒಂದು ಪದ್ಧತಿ ಇದೆ: ಅನುವಾದಿಸಿದ್ದನ್ನು ಆ ಕಸುಬಿನವರಿಗೆ ಓದಿ ಹೇಳಿ, ಕಣ್ಣ ಮುಂದೆ ಏನು ಬಂತು ಎಂದು ಕೇಳುವುದು. ಈ ಭಾಗವನ್ನು ಯಾರಿಗೂ ಓದಿ ಹೇಳಿರಲಿಲ್ಲ. ಒಂಟಿ ಕಾಲಲ್ಲಿ ನಿಂತು ಓದಿ ಹೇಳಿದೆ. ಒಳಗೆ ನಾರುಬಟ್ಟೆ, ಅದರ ಮೇಲೆ ಆಡಿನ ಕೂದಲಿನ ಬಟ್ಟೆ, ಅದರ ಮೇಲೆ ಕೆಂಪು ಬಣ್ಣ ಹಾಕಿದ ಟಗರಿನ ತೊಗಲು, ಎಲ್ಲದರ ಮೇಲೆ ನಯವಾದ ತೊಗಲು.

ಅವನು ಸೂಜಿ ನಿಲ್ಲಿಸಿದ. “ಮೇಲೆ ಹಾಕೋದು ನಯವಾದ್ದಾ? ಬಿಸಿಲು ಮಳೆ ಎಲ್ಲಾ ತಿನ್ನೋದು ಅದೇ ಅಲ್ವಾ ಅಕ್ಕಾ? ನಯವಾದ್ದನ್ನ ಒಳಗಿಡ್ತಾರೆ. ಮೇಲಕ್ಕೆ ಒರಟು ಬೇಕು.”

“ಹಾಗಾದ್ರೆ ಯಾವ ಪ್ರಾಣೀದು ಇರಬಹುದು?”

“ತೊಗಲು ತಂದ್ರಾ?”

“ತೊಗಲು ಎಲ್ಲಿಂದ ತರಲಿ! ಮೂರು ಸಾವಿರ ವರ್ಷ ಆಯ್ತು.”

“ಮತ್ತೆ? ತೊಗಲು ಕೈಯಲ್ಲಿ ಹಿಡೀದೆ ಪ್ರಾಣಿ ಹೇಳೋನು ಸುಳ್ಳ,” ಎಂದು ದಾರ ಕಚ್ಚಿ ಕತ್ತರಿಸಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಬೆಚ್ಚಿಬಿದ್ದೆ. ಅವನು ಹೇಳಿದ್ದು ನನಗಲ್ಲ. ಆದರೂ ಮೆಟ್ಟಿಲು ಹತ್ತುವಾಗ ಅದೇ ಮಾತು ಕಿವಿಯಲ್ಲಿತ್ತು. ಪೆನ್ಸಿಲ್ ಮಲಗಿಸಿದ ದಿನ ನನಗೆ ಅಷ್ಟು ಖಂಡಿತವಾಗಿ ಏನು ಗೊತ್ತಿತ್ತು?

ಮಾರ್ಚ್ 19, ಗುರುವಾರ

ಕರಡು ಪುಟಗಳನ್ನು ಮನೆಗೆ ತಂದಿದ್ದೆ. ತರಬಾರದಿತ್ತು. ಕಾಗದದ ಸದ್ದು ಮಾವನಿಗೆ ಗೊತ್ತಾಗಿಬಿಡುತ್ತದೆ.

“ಗುಡಾರದ ಪುಟ ಬಂತಾ? ಓದು, ಓದು.”

ಓದಿದೆ. ಪುಟದ ಕೆಳಗೆ ಬಂದೆ. ಅಲ್ಲಿ ಬಿಳಿ ಕಾಗದ. ಮಾವ ಈ ಹೊತ್ತಿಗೆ ಹನ್ನೊಂದು ಸಾಲನ್ನು ನಾಲ್ಕಕ್ಕೆ ಇಳಿಸಿದ್ದರು. ಆ ನಾಲ್ಕನ್ನು ಓದಿದೆ, ಬಿಳಿ ಕಾಗದದಿಂದ, ಅಲ್ಪವಿರಾಮಕ್ಕೆ ನಿಂತು ನಿಂತು. ಅವರು ಕಣ್ಣು ಮುಚ್ಚಿ ಕೇಳಿದರು. “ಇನ್ನೊಂದ್ಸಲ,” ಅಂದರು. ಎರಡನೇ ಸಲ ಒಂದು ಪದವೂ ಆಚೀಚೆ ಆಗಬಾರದಲ್ಲ. ಆಗಲಿಲ್ಲ. ಇಂಥ ಕೆಲಸಕ್ಕೆ ನನ್ನ ನೆನಪಿನ ಶಕ್ತಿ ಬಹಳ ಚೆನ್ನಾಗಿದೆ.

“ಉದ್ದ ಆಯ್ತು,” ಅಂದರು. “ಎರಡು ಸಾಲಿಗೆ ತರ್ತೀನಿ. ಇನ್ನೂ ಟೈಮಿದೆಯಲ್ಲ?”

“ಇದೆ ಮಾವ.”

ಆಮೇಲೆ ಒಂದು ಕಥೆ ಹೇಳಿದರು. ಹಿಂದಿನ ಪಂಡಿತರ ಪ್ರಕಾರ ಆ ಪ್ರಾಣಿ ಆ ಗುಡಾರದ ಕೆಲಸಕ್ಕೆಂದೇ ಬಂದಿತ್ತಂತೆ. ಮೈಮೇಲೆ ಬಗೆಬಗೆಯ ಬಣ್ಣ. ಕೆಲಸ ಮುಗಿದ ಮೇಲೆ ಮರೆಯಾಯಿತಂತೆ, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲವಂತೆ.

“ನಾನು ಇದನ್ನ ಯಾವತ್ತೂ ನಂಬಿಲ್ಲ. ಆದ್ರೆ ಈಚೆಗೆ ಯಾಕೋ ಇಷ್ಟ ಆಗ್ತಿದೆ,” ಅಂದರು.

ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಬಂದೆ. ಒಲೆ ಹಚ್ಚಿಯೇ ಇರಲಿಲ್ಲ.

ಮಾರ್ಚ್ 25, ಬುಧವಾರ

ಪುಟ ಜೋಡಿಸುವಾಕೆ ಇವತ್ತು ಹೇಳಿದಳು: ಮೂವತ್ತೊಂದಕ್ಕೆ ಪುಟಗಳೆಲ್ಲ ಅಚ್ಚಿಗೆ ಹೋಗುತ್ತವೆ. ಅಂದೇ ಬೆಳಿಗ್ಗೆ ಕಡೆಯ ಕೂಟ. “ಗುಡಾರದ ಪುಟಕ್ಕೆ ಟಿಪ್ಪಣಿ ಇಲ್ಲವಾ ಮೇಡಂ? ನಿಮ್ಮ ಮಾವನೋರದು ಒಂದು ಇರುತ್ತೆ ಅಂದ್ಕೊಂಡಿದ್ದೆ.” ಮಾವನ ಪರವಾಗಿ ಪೆನ್ಸಿಲ್ ಹಿಡಿದಿದ್ದ ಇಬ್ಬರನ್ನೂ ಕೇಳಿದೆ, ನೀವ್ಯಾಕೆ ಕೇಳಲಿಲ್ಲ ಎಂದು. “ಸೊಸೆ ಎದುರಿಗೇ ಕೂತಿರುವಾಗ ನಾವ್ಯಾಕೆ ಬಾಯಿ ಹಾಕೋದು ಅಂತ ಸುಮ್ನಿದ್ವಿ,” ಅಂದರು.

ತೀರ್ಮಾನವಾದ ಪದವನ್ನು ಮತ್ತೆ ಎತ್ತಬೇಕಾದರೆ ಗೆದ್ದ ಕಡೆ ಮತ ಹಾಕಿದವರೇ ಎತ್ತಬೇಕು. ಸೋತವರು ದಿನಾ ಅದನ್ನೇ ಎಳೆಯಬಾರದೆಂದು ಮಾವನೇ ಮಾಡಿಟ್ಟ ನಿಯಮ. ಅವರ ಪರ ಇದ್ದ ಇಬ್ಬರಿಗೆ ಬಾಯಿಲ್ಲ. ಅವರ ವಿರುದ್ಧ ಪೆನ್ಸಿಲ್ ಮಲಗಿಸಿದ ನನಗೆ ಇದೆ.

ಮೂರನೇ ತಾರೀಖಿನ ಬರಹವನ್ನು ಈಗ ತಿರುವಿ ನೋಡಿದೆ. ‘ಅಧ್ಯಕ್ಷರು ಏನೋ ತಮಾಷೆ ಮಾಡಿದರು, ಎಲ್ಲರೂ ನಕ್ಕರು’ ಎಂದಿದೆ. ನನ್ನದೇ ದಿನಚರಿ, ಬೇರೆ ಯಾರೂ ಓದುವುದಿಲ್ಲ, ಇಲ್ಲೂ ನಾನು ನಿಜ ಬರೆದಿಲ್ಲ. ಅಧ್ಯಕ್ಷರು ಕೇಳಿದ್ದು ಇಷ್ಟು: “ನಿಮ್ಮ ಮಾವ ಇನ್ನೂ ಸಮುದ್ರದಲ್ಲೇ ಈಜ್ತಿದಾರಾ?” ಅದಕ್ಕೆ ಒಬ್ಬರಿಬ್ಬರು ಮುಗುಳ್ನಕ್ಕರು, ಅಷ್ಟೆ. ಎಲ್ಲರೂ ನಕ್ಕದ್ದು ನನ್ನ ಮಾತಿಗೆ. “ಅವರಿಗೆ ಈಗ ಮನೆ ಬಾಗಿಲೇ ಕಾಣಲ್ಲ, ಕಡಲಹಸು ಮಾತ್ರ ಸ್ಪಷ್ಟವಾಗಿ ಕಾಣುತ್ತೆ,” ಅಂದೆ ನಾನು.

ಎಲ್ಲರೂ ಜೋರಾಗಿ ನಕ್ಕರು. ನನಗೆ ಖುಷಿಯಾಯಿತು. ಅದನ್ನೂ ಬರೆದುಬಿಡುತ್ತೇನೆ, ಖುಷಿಯಾಯಿತು. ಎರಡು ವರ್ಷದಿಂದ ಆ ಕೋಣೆಯಲ್ಲಿ ನಾನು ಮಾವನ ಕುರ್ಚಿಯಲ್ಲಿ ಕೂತ ಮಾವನ ಸೊಸೆ. ಅವತ್ತು ಮೊದಲ ಸಲ ಅವರ ಪೈಕಿ ಒಬ್ಬಳಾದೆ. ಆ ನಗುವಿನ ನಡುವೆ ಅವರ ಟಿಪ್ಪಣಿ ಕೇಳಲು ನನಗೆ ನಾಚಿಕೆಯಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರ್ಚ್ 27, ಶುಕ್ರವಾರ

ಮಾವ ಎರಡು ಸಾಲಿಗೆ ತಂದಿದ್ದಾರೆ. ಬರೆದುಕೊಂಡೆ. ‘ತಹಷ್: ಮೂಲ ಪದದ ಅರ್ಥ ತಿಳಿಯದು. ಕಡಲಹಸು ಇರಬಹುದು.’

“ಖಂಡಿತ ಅಂತಿದ್ರಲ್ಲ ಮಾವ, ಮೂವತ್ತು ವರ್ಷ?”

“ಅಂತಿದ್ದೆ. ನಾನು ಆ ಪ್ರಾಣೀನ ನೋಡಿದೀನಾ? ಗೊತ್ತಿಲ್ಲ ಅನ್ನೋದನ್ನ ಮೊದಲು ಹಾಕು, ನನ್ನ ಆಸೆ ಆಮೇಲೆ ಬರಲಿ.”



ಮಾರ್ಚ್ 30, ಸೋಮವಾರ

ಹೇಳಿದೆ.

ಬೆಳಿಗ್ಗೆ ಟೀ ಕೊಟ್ಟು ಎದುರಿಗೆ ಕೂತೆ. ಲೋಟ ಅವರ ಕೈಗೆ ಸಿಕ್ಕಿತೋ ಇಲ್ಲವೋ ಎಂದು ನೋಡಿಕೊಂಡು ಶುರು ಮಾಡಿದೆ. ಟಿಪ್ಪಣಿ ಇಲ್ಲ. ಎಂದೂ ಇರಲಿಲ್ಲ. ಕೇಳಬೇಕಾದವಳು ನಾನು, ಕೇಳಲಿಲ್ಲ. ಆವತ್ತು ಓದಿದ್ದು ಬಿಳಿ ಕಾಗದವನ್ನು. ಕಡೆಯ ಪೆನ್ಸಿಲ್ ನನ್ನದೇ.

ಅವರು ಲೋಟದ ಅಂಚಿನ ಸುತ್ತ ಬೆರಳಾಡಿಸುತ್ತಾ ಕೂತರು.

“ಪೆನ್ಸಿಲ್ ವಿಷಯ ಬಿಡು. ನಿನಗೆ ಸರಿ ಅನ್ಸಿದ್ರೆ ಮಲಗಿಸ್ಬೇಕು. ಹಾಗೇ ಕಲಿಸಿದ್ದು ನಾನು,” ಅಂದರು. ಆಮೇಲೆ, “ಕಡಲಹಸು ಅಂದಾಗ ನಕ್ರಾ?”

“ನಕ್ರು.”

“ನೀನು?”

ಇಲ್ಲಿಗೆ ಬರುತ್ತಾರೆ ಎಂದು ನಾನು ಎಣಿಸಿರಲಿಲ್ಲ. “ನಗಿಸಿದ್ದೇ ನಾನು ಮಾವ,” ಅಂದೆ.

“ಏನಂದೆ?”

ಹೇಳಿದೆ. ಒಂದಕ್ಷರ ಬಿಡದೆ, ಬಾಗಿಲು, ಕಡಲಹಸು, ಎಲ್ಲ. ಹೇಳುವಾಗ ಅಳು ಬಂತು. ಅತ್ತು ಅವರ ಕನಿಕರ ಗಿಟ್ಟಿಸಬಾರದೆಂದು ನಾಲಿಗೆ ಕಚ್ಚಿಕೊಂಡೆ.

ಅವರು ಟೀ ಪೂರ್ತಿ ಕುಡಿದರು. ಲೋಟ ಇಡಲು ಮೇಜು ಹುಡುಕಿದರು. ನಾನು ಕೈ ಚಾಚಿದೆ, ಕೊಡಲಿಲ್ಲ, ತಾವೇ ತಡವಿ ಇಟ್ಟರು.

“ಜೋಕು ಚೆನ್ನಾಗಿದೆ,” ಅಂದರು. ಎದ್ದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ಬಾಗಿಲು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು.

ಇವರು ಸಂಜೆ ಬಂದು, “ಅಪ್ಪ ಯಾಕೆ ಊಟಕ್ಕೆ ಬರ್ತಿಲ್ಲ?” ಎಂದು ಕೇಳಿದರು. ಇವರಿಗೂ ಹೇಳಿದೆ. ಇವರು ಬೈಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ತಟ್ಟೆ ತೆಗೆದುಕೊಂಡು ಅಪ್ಪನ ಕೋಣೆಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಮಾರ್ಚ್ 31, ಮಂಗಳವಾರ

ಕೂಟ ಶುರುವಾದ ಕೂಡಲೇ ಕೈ ಎತ್ತಿದೆ. ತಹಷ್ ಪದಕ್ಕೆ ಅಡಿಟಿಪ್ಪಣಿ ಬೇಕು ಅಂದೆ.

“ಅದು ಮುಗಿದ ಕಥೆ ಅಲ್ವಾ?” ಅಂದರು ಅಧ್ಯಕ್ಷರು. “ಟಿಪ್ಪಣಿ ಅಂದ್ರೂ ಪದ ಮತ್ತೆ ಎತ್ತಿದ ಹಾಗೇ. ನಿಮ್ಮ ಮತ ತಪ್ಪಾಗಿತ್ತು ಅಂತ ಹೇಳ್ತೀರಾ?”

ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಹೌದು ತಪ್ಪಾಗಿತ್ತು ಅಂದುಬಿಟ್ಟರೆ ಕೆಲಸ ಸಲೀಸು. ಆದರೆ ಕಡಲಹಸು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಮಾವನಿಗಾಗಿ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಅವತ್ತು ಖಂಡಿತ ಗೊತ್ತಿರೋಳ ಹಾಗೆ ಪೆನ್ಸಿಲ್ ಮಲಗಿಸ್ದೆ. ನಂಗೆ ಗೊತ್ತಿರ್ಲಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಓದೋರಿಗೆ ಅದನ್ನ ಮುಚ್ಚಿಡಬಾರದು,” ಅಂದೆ. ಕೆಳಗೆ ಕೂರುವ ರಿಪೇರಿಯವನ ಮಾತನ್ನೂ ಹೇಳಿದೆ. ಮೇಲಿನ ತೊಗಲು ನಯವಾದದ್ದು ಹೇಗಾಗುತ್ತದೆ ಎಂದು ಒಬ್ಬರು ಕರಡನ್ನು ಎಳೆದುಕೊಂಡು ಮತ್ತೆ ಓದಿದರು.

“ಇನ್ನೊಂದು ಮಾತು. ಅವತ್ತು ಮಾವನ ಕಣ್ಣಿನ ಬಗ್ಗೆ ನಾನು ಆಡಿದ್ದು ತಪ್ಪು. ಇಲ್ಲೇ ಆಡಿದ್ದು, ಅದಕ್ಕೆ ಇಲ್ಲೇ ಹೇಳ್ತಿದೀನಿ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ನಡಾವಳಿ ಪುಸ್ತಕದಲ್ಲಿ ಇಲ್ಲಮ್ಮ.”

“ಹಾಗಾದ್ರೆ ಇವತ್ತಿನದರಲ್ಲಿ ಹಾಕಿ.”

ಹಾಕಲಿಲ್ಲ ಅವರು. ಆದರೆ ಟಿಪ್ಪಣಿಗೆ ಪೆನ್ಸಿಲ್‌ಗಳು ಒಂದೊಂದಾಗಿ ಮಲಗಿದವು. ಅವರದೂ ಮಲಗಿತು, ಕಡೆಗೆ. ಮಾವನ ಎರಡು ಸಾಲನ್ನು ಪುಟ ಜೋಡಿಸುವಾಕೆಗೆ ನಾನೇ ಹೋಗಿ ಕೊಟ್ಟು, ಅವಳು ಕೂರಿಸುವವರೆಗೂ ಬೆನ್ನ ಹಿಂದೆ ನಿಂತಿದ್ದೆ. “ಕೂತ್ಕೊಳ್ಳಿ ಮೇಡಂ, ಓಡಿಹೋಗಲ್ಲ ಅದು,” ಅಂದಳು.

ಮನೆಗೆ ಬಂದು ಮಾವನಿಗೆ ಹೇಳಿದೆ. “ಹೂಂ,” ಅಂದರು. ರೇಡಿಯೋದ ಸದ್ದು ಸ್ವಲ್ಪ ಜಾಸ್ತಿ ಮಾಡಿದರು.

ನಂಬಲಿಲ್ಲ. ಯಾಕೆ ನಂಬಬೇಕು?

ಏಪ್ರಿಲ್ 6, ಸೋಮವಾರ

ಮಾತಾಡುತ್ತಾರೆ. ಉಪ್ಪು ಎಲ್ಲಿದೆ, ಟವೆಲ್ ಒಣಗಿತಾ, ಗಂಟೆ ಎಷ್ಟು. ‘ಮಗಳೇ’ ಒಂದು ಬಿಟ್ಟುಹೋಗಿದೆ. ಓದು ಎಂದು ಕೇಳುವುದಿಲ್ಲ.

ಇವತ್ತು ಬಸ್ಸಿನಲ್ಲಿ ಎದುರಿಗೆ ಕೂತವರ ಕಾಲನ್ನೇ ನೋಡುತ್ತಿದ್ದೆ. ಯಾವ ಯಾವ ಪ್ರಾಣಿಯೋ ಪಾಪ. ಒಬ್ಬಾಕೆ ಮುಜುಗರಪಟ್ಟು ಕಾಲು ಸೀಟಿನ ಕೆಳಗೆ ಎಳೆದುಕೊಂಡಳು.

ಏಪ್ರಿಲ್ 24, ಶುಕ್ರವಾರ

ಅಚ್ಚಾದ ಹಾಳೆಗಳು ಬಂದವು. ಗುಡಾರದ ಹಾಳೆಯನ್ನು ಮಡಿಸದೆ ತಂದೆ. ಸಂಜೆ ಮಾವ ಕಿಟಕಿಯ ಬಳಿ ಕೂತಿದ್ದರು.

“ಬಂದಿದೆ ಮಾವ. ಓದ್ಲಾ?”

ಬೇಡ ಅನ್ನಲಿಲ್ಲ. ಓದಿದೆ. ನಾರುಬಟ್ಟೆ, ಆಡಿನ ಕೂದಲು, ಕೆಂಪು ಟಗರು, ಮೇಲಿನ ತೊಗಲು. ಆಮೇಲೆ ಕೆಳಗಿನ ಎರಡು ಸಾಲು. ಈ ಸಲ ಅಕ್ಷರಗಳು ಅಲ್ಲೇ ಇದ್ದವು, ಚಿಕ್ಕವು, ಕಪ್ಪಗೆ. ಆದರೂ ನನ್ನ ದನಿ ಬಿಳಿ ಕಾಗದ ಓದಿದ ದಿನದ ಹಾಗೆಯೇ ಕೇಳಿಸಿತು. ನಿಜಕ್ಕೆಂದು ಬೇರೆ ದನಿ ನನ್ನ ಹತ್ತಿರ ಇರಲಿಲ್ಲ.

ಮಾವ ತಲೆ ಪಕ್ಕಕ್ಕೆ ತಿರುಗಿಸಿ ಹಾಳೆಯತ್ತ ನೋಡಿದರು. ಬೆರಳು ಚಾಚಿ ಸವರಿದರು. ಅಚ್ಚಿನ ಅಕ್ಷರ ಬೆರಳಿಗೆ ಸಿಗುವುದಿಲ್ಲವಲ್ಲ.

“ಅವನನ್ನ ಕರಿ,” ಅಂದರು.

ನನ್ನ ಓದು ನಿಜವೋ ಎಂದು ಮಗನಿಂದ ಓದಿಸಿ ನೋಡುತ್ತಾರೆ. ಅದು ನನಗೆ ಬರಬೇಕಾದದ್ದೇ. ಇವರು ಆಗಷ್ಟೇ ಕೆಲಸದಿಂದ ಬಂದಿದ್ದರು, ಉಗುರಿನಲ್ಲಿ ಗ್ರೀಸ್ ಇತ್ತು. “ನಾನಾ? ನಾನು ಓದೋದಾ?” ಎಂದು ಕೈಯನ್ನು ಎರಡು ಸಲ ತೊಳೆದುಕೊಂಡು ಬಂದು ಅಪ್ಪನ ಪಕ್ಕ ಸ್ಟೂಲಿನ ಮೇಲೆ ಕೂತರು. ಶಾಲೆಯಲ್ಲಿ ಎದ್ದು ನಿಂತು ಓದುವ ಮಕ್ಕಳ ಹಾಗೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಕೆಳಗಡೆ. ಚಿಕ್ಕ ಅಕ್ಷರ. ಏನಿದೆಯೋ ಅಷ್ಟೇ ಓದು, ಸೇರಿಸಬೇಡ.”

ನಾನು ಬಾಗಿಲ ಹತ್ತಿರ ನಿಂತೆ.

“ತ... ತಾಹಾಸ್,” ಅಂದರು ಇವರು. “ಮೂಲ ಪದದ ಅರ್ಥ ತಿಳಿಯದು. ಕಡಲಹಸು ಇರಬಹುದು. ಅಷ್ಟೇ ಅಪ್ಪ. ಮುಗೀತು.”

ಇವರು ಏಳಲು ಹೋದರು. ಮಾವ ಮಗನ ತೊಡೆಯ ಮೇಲೆ ಕೈ ಇಟ್ಟು ಕೂರಿಸಿದರು.

“ಮೊದಲನೇ ಪದ ತಪ್ಪು ಓದ್ದೆ.”

“ನಂಗೆಲ್ಲಿ ಬರುತ್ತೆ ಅಪ್ಪ ಅದೆಲ್ಲ. ನೀವೇ ಹೇಳಿ.”

“ಅವಳನ್ನ ಕೇಳು,” ಅಂದರು ಮಾವ, ನನ್ನ ಕಡೆ ತಿರುಗದೆ. “ಅವಳಿಗೆ ಗೊತ್ತಿದೆ.”

ನಾನು ಬಾಗಿಲಲ್ಲೇ ನಿಂತು ಹೇಳಿಕೊಟ್ಟೆ. ಇವರು ನಾನು ಹೇಳಿದ ಹಾಗೇ ಹೇಳಿದರು. ಮಾವ ಇನ್ನೊಂದು ಸಲ ಹೇಳಿಸಿದರು.